ಮಿಲಿಟರಿ ಜೀಪಿನ ಬಿಲ್ಲೆ

ನಾನು ಬನಹಟ್ಟಿಯ ನೇಕಾರರ ಮನೆಯಿಂದ ಜಮಖಂಡಿಗೆ ಸೊಸೆಯಾಗಿ ಬಂದಾಗ ಅಂಗಳದಲ್ಲಿ ಒಂದು ಜೀಪು ನಿಂತಿತ್ತು. ಹಸಿರು ಬಣ್ಣದ್ದು, ಬಾಗಿಲುಗಳಿಲ್ಲದ್ದು, ಮುಂದಿನ ಒಂದು ದೀಪದ ಗಾಜು ಒಡೆದದ್ದು. ನಾನು ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಕಾಲಿಡುವ ಮೊದಲೇ ಮಾವ ಅದರ ಪರಿಚಯ ಮಾಡಿಕೊಟ್ಟರು.

"ಇದು ಮಿಲಿಟರಿ ಜೀಪವಾ. ಎಪ್ಪತ್ತೊಂದರ ಯುದ್ಧಕ್ಕ ಹೋಗಿ ಬಂದೈತಿ."

ನಾದಿನಿಯರ ಪರಿಚಯ ಆಮೇಲೆ ಆಯಿತು.

ಮಾವ ಸ್ವತಃ ಯುದ್ಧಕ್ಕೆ ಹೋದವರಲ್ಲ. ಬೀಳಗಿ ಕಡೆ ಹೊಳೆದಂಡೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದವರು. ಸೈನ್ಯದವರು ಹಳೆಯ ಗಾಡಿಗಳನ್ನು ಲಿಲಾವಿನಲ್ಲಿ ಕೂಗಿ ಮಾರುತ್ತಾರೆಂದು ಯಾರೋ ಹೇಳಿದ್ದನ್ನು ಕೇಳಿ ಪುಣೆಯ ಕಡೆ ಹೋಗಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಸುತ್ತ ನಾಲ್ಕು ಸಲ ತಿರುಗಿ ಇದನ್ನು ತಂದಿದ್ದರು. ಮುಂದೆ ಆಲಮಟ್ಟಿಯ ಹಿನ್ನೀರು ಹಳ್ಳಿಯನ್ನು ಹೊಕ್ಕಾಗ ಕಾಳಿನ ಚೀಲ, ತೊಲೆ, ಬಾಗಿಲು, ಬೀಸುವ ಕಲ್ಲು, ಅತ್ತೆ ಮತ್ತು ದೇವರು, ಎಲ್ಲವನ್ನೂ ಜಮಖಂಡಿಗೆ ಹೊತ್ತು ತಂದದ್ದು ಈ ಜೀಪೇ. ಆ ಕಾರಣಕ್ಕೆ ಮನೆಯಲ್ಲಿ ಅದರ ವಿರುದ್ಧ ಯಾರೂ ಮಾತಾಡುವಂತಿರಲಿಲ್ಲ. ನನ್ನ ಗಂಡ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದರು. ಕಬ್ಬು ನುರಿಸುವ ಹಂಗಾಮು ಮುಗಿಯುವ ತನಕ ಅವರಿಗೆ ಯಾರ ವಿರುದ್ಧವೂ ಮಾತಾಡಲು ಪುರುಸೊತ್ತು ಇರುತ್ತಿರಲಿಲ್ಲ.

ಜೀಪಿನ ನಂತರ ನನ್ನನ್ನು ದೇವರ ಜಗಲಿಯ ಮುಂದೆ ನಿಲ್ಲಿಸಿದರು. ನಮ್ಮ ಕಡೆ ತೀರಿಕೊಂಡ ಹಿರಿಯರ ಹೆಸರಿನಲ್ಲಿ ಒಂದು ಸಣ್ಣ ಲೋಹದ ತಗಡಿನ ಮೇಲೆ ಮುಖ ಮೂಡಿಸಿ ದೇವರ ಸಾಲಿನಲ್ಲಿ ಇಡುತ್ತಾರೆ. ಅದಕ್ಕೆ ಟಾಕ ಎನ್ನುತ್ತಾರೆ. ಸಾಲಿನ ಕೊನೆಯಲ್ಲಿ ಮಾವನ ತಾಯಿಯ ಟಾಕ ಇತ್ತು. ಹಿತ್ತಾಳೆಯದು, ನಾಲ್ಕು ಬೆರಳಗಲ, ಒಂದು ಮೂಲೆ ಸ್ವಲ್ಪ ಸೊಟ್ಟ. ಕುಂಕುಮ, ಭಂಡಾರದ ಪುಡಿಯಲ್ಲಿ ಮುಖ ಮುಚ್ಚಿಹೋಗಿತ್ತು. ಬಾಗಿ ನಮಸ್ಕಾರ ಮಾಡುವಾಗ ನನಗೆ ಕಂಡದ್ದು ಅದರ ನಾಲ್ಕೂ ಮೂಲೆಗಳಲ್ಲಿದ್ದ ನಾಲ್ಕು ತೂತು.

ನಮ್ಮ ತವರಿನಲ್ಲಿ ಪವರ್‌ಲೂಮುಗಳ ನಡುವೆಯೇ ನಾನು ಬೆಳೆದದ್ದು. ಪ್ರತಿ ಮಗ್ಗಕ್ಕೂ ತಯಾರಾದ ಊರು, ನಂಬರು ಕೆತ್ತಿದ ಒಂದು ಬಿಲ್ಲೆ ಇರುತ್ತದೆ. ಅದಕ್ಕೆ ನಾಲ್ಕು ಮೂಲೆಗೆ ನಾಲ್ಕು ತೂತು, ತೂತಿಗೊಂದು ಸ್ಕ್ರೂ. ದೇವರಿಗಾಗಲಿ ಹಿರಿಯರಿಗಾಗಲಿ ಸ್ಕ್ರೂ ಹಾಕಿದ್ದನ್ನು ನಾನು ನೋಡಿರಲಿಲ್ಲ. ಆದರೆ ಬಂದ ದಿನವೇ ಗಂಡನ ಮನೆಯ ಹಿರಿಯರ ತೂತು ಎಣಿಸುವುದು ಸೊಸೆಗೆ ಒಳ್ಳೆಯ ಲಕ್ಷಣವಲ್ಲ. ಅರಿಷಿಣ ಕುಂಕುಮ ಹಚ್ಚಿ ಸುಮ್ಮನೆ ಎದ್ದೆ.

ಕೆಲವು ವರ್ಷ ಹಾಗೆಯೇ ಹೋದವು. ನಾನು ಊರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸಲು ಸೇರಿಕೊಂಡೆ. ಅಷ್ಟರಲ್ಲಿ ಜೀಪಿನ ನೋಂದಣಿ ಅವಧಿ ಮುಗಿಯಿತು. ಅದನ್ನು ಮುಂದುವರಿಸಲು ಹೋದ ಮಾವನಿಗೆ ಕಚೇರಿಯಲ್ಲಿ ನಯವಾಗಿಯೇ ಹೇಳಿ ಕಳಿಸಿದರು: ಹಳೆಯ ಕಾಗದದಲ್ಲಿ ಜೀಪು ತಯಾರಾದ ವರ್ಷದ ಜಾಗದಲ್ಲಿ ಬರೀ ಒಂದು ಗೀಟು ಇದೆ, ಚಾಸಿ ನಂಬರಿನ ಅರ್ಧ ನೀರು ಕುಡಿದು ಅಳಿಸಿದೆ. ಕಂಪನಿಯವರು ಹಾಕಿದ ಬಿಲ್ಲೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಬನ್ನಿ. ಇಲ್ಲವಾದರೆ ಗಾಡಿಯನ್ನು ಗುಜರಿಗೆ ಹಾಕುವುದೇ ದಾರಿ.

ಗುಜರಿ ಎಂಬ ಮಾತನ್ನು ಮಾವ ಮನೆಯಲ್ಲಿ ಹೇಳುವಾಗ ದನಿ ಇಳಿಸಿ ಹೇಳಿದರು. ಜೀಪಿಗೆ ಕೇಳಿಸಬಾರದೆಂದು ಇರಬೇಕು.

"ಬಿಲ್ಲೆ ಊರು ಬಿಡೂಮುಂದ ದಾರ್ಯಾಗ ಎಲ್ಲೋ ಬಿತ್ತವಾ. ನೀ ಇತಿಹಾಸ ಕಲಸಾಕಿ. ಇದರ ಇತಿಹಾಸಾನೂ ಅಷ್ಟು ತಗಿ," ಎಂದರು.

ಬಾದಾಮಿ ಚಾಲುಕ್ಯರಿಂದ ಆದಿಲಶಾಹಿಯವರೆಗೆ ನಾನು ನಿದ್ದೆಯಲ್ಲೂ ಹೇಳಬಲ್ಲೆ. ಜೀಪು ಸಿಲೆಬಸ್ಸಿನಲ್ಲಿ ಇರಲಿಲ್ಲ. ಆದರೂ ಮೊದಲು ಸಾಕ್ಷಿಗಳನ್ನು ಕೇಳೋಣವೆಂದು ಮಾವನ ಜೊತೆ ಸುತ್ತಮುತ್ತಲಿನ ಮಾಜಿ ಸೈನಿಕರ ಮನೆಗಳಿಗೆ ಹೋದೆ. ರನ್ನ ಬೆಳಗಲಿಯವರೊಬ್ಬರು ಸೀಟಿನ ಕೆಳಗೆ ಕೈಯಾಡಿಸಿ, ಇದು ಪಂಜಾಬಿನ ಗಡಿಯಲ್ಲಿದ್ದ ಜೀಪು ಎಂದರು. ಅವರು ಕೆಲಸ ಮಾಡಿದ್ದು ಪಂಜಾಬಿನಲ್ಲಿ. ರಬಕವಿಯವರೊಬ್ಬರು ಗಾಲಿ ಒದ್ದು ನೋಡಿ, ಇದು ಹಿಮದಲ್ಲಿ ಓಡಿದ್ದು ಎಂದರು. ಅವರಿದ್ದದ್ದು ಕಾಶ್ಮೀರದಲ್ಲಿ. ಮೂರನೆಯವರು ಸೈನ್ಯದಲ್ಲಿ ಅಡಿಗೆಯ ಕೆಲಸದಲ್ಲಿದ್ದವರು. ಇದರಲ್ಲಿ ಆಲೂಗಡ್ಡೆ ತರುತ್ತಿದ್ದೆವು ಎಂದರು. ಮಾವ ಅವರ ಮನೆಯಲ್ಲಿ ಚಹಾ ಪೂರ್ತಿ ಕುಡಿಯದೆ ಎದ್ದುಬಂದರು.

ಉಳಿದದ್ದು ಬಿಲ್ಲೆ. ಮಾವ ಅಟ್ಟ ಹುಡುಕಿದರು, ಹಳೆಯ ಟ್ರಂಕು ಹುಡುಕಿದರು, ಕಟ್ಟಿಗೆ ಒಟ್ಟಿದ ಮೂಲೆಯನ್ನೂ ಬಿಡಲಿಲ್ಲ. ಕೊನೆಗೆ ಒಂದು ಮುಂಜಾನೆ ಸ್ನಾನ ಮಾಡಿ ಬಂದು ಜಗಲಿಯ ಮುಂದೆ ನಿಂತು ತಾಯಿಯ ಟಾಕಕ್ಕೆ ಕೈಮುಗಿದು ಜೋರಾಗಿ ಬೇಡಿಕೊಂಡರು.

"ಯವ್ವಾ, ಆ ಬಿಲ್ಲೆ ಎಲ್ಲಿದ್ದರೂ ನನ್ನ ಕಣ್ಣಿಗೆ ಬೀಳೂಹಂಗ ಮಾಡು."

ಸ್ನಾನಕ್ಕೆ ಹೋಗುವಾಗ ತೆಗೆದಿಟ್ಟ ಕನ್ನಡಕವನ್ನು ಅವರು ಪೂಜೆ ಮುಗಿಸಿಯೇ ಹಾಕಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ದೇವರನ್ನು ತಿಕ್ಕಿ ತೊಳೆಯುವುದು ಹೆಂಗಸರ ಕೆಲಸ, ಕೈಮುಗಿಯುವುದು ಗಂಡಸರ ಕೆಲಸ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗೋಡೆಯ ಕಡೆ ತಿರುಗಿ, ಅಲ್ಲಿ ಇಲ್ಲದ ಜೇಡರ ಬಲೆಯೊಂದನ್ನು ಸೆರಗಿನಿಂದ ಒರೆಸುತ್ತಿದ್ದರು.

ಆ ರವಿವಾರ ಅತ್ತೆ ಎಂದಿನಂತೆ ಹಿತ್ತಲಲ್ಲಿ ಕೂತು ಹುಣಸೆಹಣ್ಣು ಹಚ್ಚಿ ದೇವರನ್ನು ತಿಕ್ಕುತ್ತಿದ್ದರು. ಮಾವ ಪೇಟೆಗೆ ಹೋಗಿದ್ದರು. ನಾನು ಪಕ್ಕದಲ್ಲಿ ಕೂತು ಟಾಕವನ್ನು ಕೈಗೆ ತಗೊಂಡೆ.

"ಅತ್ತೀ, ಇದು ಜೀಪಿನ ಬಿಲ್ಲೆ ಅಲ್ಲರಿ?"

ಅತ್ತೆ ಬೇರೆ ದೇವರನ್ನು ತಿಕ್ಕುವುದು ನಿಲ್ಲಿಸಲಿಲ್ಲ. ತಿಕ್ಕುತ್ತಲೇ ಹೇಳಿದರು.

"ಊರು ಬಿಡೂ ದಿನ ದೇವರನೆಲ್ಲಾ ಸೀರ್ಯಾಗ ಕಟ್ಟಿಕೊಂಡೆ. ನಮ್ಮತ್ತಿ ಟಾಕ ಗ್ವಾಡಿ ಗೂಡಿನಾಗ ಹಿಂದ ಸರದಿತ್ತೋ ಏನೋ, ಉಳಕೊಂತು. ಇಲ್ಲಿ ಬಂದು ಗಂಟ ಬಿಚ್ಚಿದರ ಇಲ್ಲ. ಅಷ್ಟೊತ್ತಿಗೆ ದಾರಿ ಮ್ಯಾಲ ನೀರು ಬಂದಿತ್ತು."

"ಮಾವಾರಿಗೆ ಹೇಳಬೇಕಿತ್ತಲ್ಲರಿ."

"ಏನಂತ ಹೇಳ್ಲಿ? ಅಕಿ ಇರೂಮಟಾ ಅಕಿ ಕೂಡ ಜಗಳಾಡೇನಿ. ಉಪ್ಪಿಗೆ ಜಗಳ, ಉಳ್ಳಾಗಡ್ಡಿಗೆ ಜಗಳ. ಓಣಿಗೆಲ್ಲಾ ಗೊತ್ತಿತ್ತು. ಸೊಸಿ ಬೇಕಂತನ ಅತ್ತಿನ ನೀರಾಗ ಬಿಟ್ಟು ಬಂದಾಳ ಅಂತಾರ. ಓಣ್ಯಾವ್ರು ಅಂದ್ರ ಅನ್ಲಿ, ಒಂದ ಕಿವ್ಯಾಗ ಕೇಳಿ ಬಿಡ್ತೇನಿ. ಇವರು ಅಂದ್ರ ಏನ ಮಾಡ್ಲಿ?" ಎಂದವರು ಕೈಯಲ್ಲಿದ್ದ ದೇವರನ್ನು ನೀರಿಗೆ ಅದ್ದಿದರು. "ಅದಕ್ಕ ಮರದಿನ ನಸುಕಿನ್ಯಾಗ ಎದ್ದು, ಚಾಕು ತಗೊಂಡು ಹೋಗಿ ಜೀಪಿಂದು ಬಿಚ್ಚಿದೆ. ಅಳತಿ ಬರೋಬರಿ ಕೂಡಿತು."

ಅಳತೆ ಕೂಡಿದ್ದಕ್ಕೆ ಅವರ ದನಿಯಲ್ಲಿ ಸಣ್ಣ ಸಮಾಧಾನವೂ ಇತ್ತು. ನನಗೆ ಮೊದಲು ನಗು ಬಂತು, ಆಮೇಲೆ ಕೈಯಲ್ಲಿದ್ದ ಟಾಕವನ್ನು ಮೆಲ್ಲಗೆ ಕೆಳಗಿಟ್ಟೆ. ಮಾವನಿಗೆ ಗೊತ್ತಾದರೆ ಏನು ಹೇಳುತ್ತಾರೆ ಎಂಬ ಒಂದೇ ಹೆದರಿಕೆಯಿಂದ ಈ ಹೆಂಗಸು ಇಷ್ಟು ವರ್ಷ ಸೈನ್ಯದ ತಗಡಿಗೆ ಅತ್ತೆಯೆಂದು ಎಡೆ ಹಿಡಿದಿದ್ದರು.

ನಾನೊಂದು ಉಪಾಯ ಹೇಳಿದೆ. ಬಿಲ್ಲೆ ಇಲ್ಲೇ ಇರಲಿ, ಪೆನ್ಸಿಲ್ ಅಚ್ಚು ಮಾತ್ರ ಗುಟ್ಟಾಗಿ ತೆಗೆಯೋಣ, ಹಳೆಯ ಕಾಗದಗಳಲ್ಲಿ ಸಿಕ್ಕಿತೆಂದು ಹೇಳಿದರಾಯಿತು. ಅತ್ತೆ ಬಿಲ್ಲೆಗೆ ಕೈಮುಗಿದು, ಅದರ ಕ್ಷಮೆ ಕೇಳಿ, ಒರೆಸಿ ಕೊಟ್ಟರು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ನಾಲ್ಕು ತೂತು ಮೂಡಿದವು. ನಡುವೆ ಏನೂ ಇಲ್ಲ. ಇನ್ನೊಮ್ಮೆ ಉಜ್ಜಿದೆ. ಮತ್ತೆ ನಾಲ್ಕು ತೂತು. ಸೈನ್ಯವು ಕೆತ್ತಿಸಿದ್ದನ್ನು ಅತ್ತೆಯ ಹುಣಸೆಹಣ್ಣು ಒಂದಕ್ಷರವೂ ಉಳಿಯದಂತೆ ಸೋಲಿಸಿತ್ತು.

"ಇದ್ದಾಗ ಅಕಿ ಸೇವಾ ಇಷ್ಟು ಮಾಡಿದ್ದಿಲ್ಲ," ಎಂದರು ಅತ್ತೆ.

ಕೊನೆಗೆ ಕಾಲೇಜಿನವರೊಬ್ಬರು ಮುಧೋಳದಲ್ಲಿ ಸೈನ್ಯದ ಗಾಡಿಗಳನ್ನೇ ರಿಪೇರಿ ಮಾಡಿ ನಿವೃತ್ತರಾದ ಮಿಸ್ತ್ರಿಯೊಬ್ಬರು ಇದ್ದಾರೆಂದು ಹೇಳಿದರು. ಮಾವ ಜೀಪು ಹೊರಡಿಸಿದಾಗ ಅತ್ತೆ ತಾವೂ ಬರುತ್ತೇನೆಂದು ಹಿಂದೆ ಹತ್ತಿ ಕೂತರು. ಊರು ಬಿಟ್ಟ ದಿನದ ನಂತರ ಅವರು ಆ ಜೀಪು ಹತ್ತಿರಲಿಲ್ಲ. ಮಾವನಿಗೆ ಖುಷಿಯಾಯಿತು. ಮಿಸ್ತ್ರಿ ಏನು ಪತ್ತೆಹಚ್ಚುತ್ತಾರೋ ಎಂಬ ಹೆದರಿಕೆಗೆ ಅತ್ತೆ ಹೊರಟದ್ದೆಂದು ಹೇಳುವ ಸ್ಥಿತಿಯಲ್ಲಿ ನಾವಿಬ್ಬರೂ ಇರಲಿಲ್ಲ.

ಮಿಸ್ತ್ರಿ ಬಿಲ್ಲೆಯ ಮಾತೇ ಎತ್ತದೆ ಮುಂದಿನ ಬಂಪರಿನ ಬಣ್ಣ ಕೆರೆಯತೊಡಗಿದರು. ಖಂಡೇನವಮಿಗೊಮ್ಮೆ ಜೀಪಿಗೆ ಬಣ್ಣ ಹಚ್ಚಿ ಪೂಜೆ ಮಾಡುವುದು ಮಾವನ ಪದ್ಧತಿ. ಮನೆಯಲ್ಲಿ ಯಾವ ಬಣ್ಣ ಉಳಿದಿರುತ್ತದೋ ಅದು. ಮೇಲಿನ ಹಸಿರಿನ ಕೆಳಗೆ ನಮ್ಮ ಅಡಿಗೆಮನೆಯ ಬಾಗಿಲಿನ ನೀಲಿ ಬಂತು. ಅದರ ಕೆಳಗೆ ಕಿಟಕಿಯ ಕಂದು, ಬಂಡಿಗೆ ಹಚ್ಚಿದ ಕೆಂಪು. ಎಲ್ಲ ಹಬ್ಬಗಳೂ ಉದುರಿದ ಮೇಲೆ ಮಂಕು ಮಿಲಿಟರಿ ಹಸಿರು, ಅದರ ಮೇಲೆ ಬಿಳಿಯ ಬಣ್ಣದಲ್ಲಿ ಮೇಲ್ಮುಖವಾದ ಒಂದು ಬಾಣ, ಬಾಣದ ಪಕ್ಕ ಅಂಕಿಗಳು.

"ಬಾಣ ಅಂದ್ರ ಸೈನ್ಯದ್ದರಿ. ಬಾಣದ ಮುಂದಿನ ಎರಡು ಅಂಕಿ ಅಂದ್ರ ಸೈನ್ಯಕ್ಕ ಸೇರಿದ ವರ್ಷ. ಎಪ್ಪತ್ನಾಕು."

"ಎಪ್ಪತ್ತೊಂದು ಇರಬೇಕು. ಇನ್ನಷ್ಟು ಕೆರದು ನೋಡ್ರಿ," ಎಂದರು ಮಾವ.

"ಕೆರದ್ರ ವರ್ಷ ಹಿಂದ ಹೋಗೂದಿಲ್ಲರಿ ಯಜಮಾನ್ರ."

ಮಿಸ್ತ್ರಿ ಹಿಂದೆ ಹೋಗಿ ಕೊಂಡಿ ಮುಟ್ಟಿ ನೋಡಿದರು. ಒಳಮೈ ಸವೆದು ಹೊಳೆಯುತ್ತಿತ್ತು. ಈ ಜೀಪು ಬಹಳ ವರ್ಷ ಟ್ರೇಲರ್ ಎಳೆದಿದೆ, ಬಹುಶಃ ನೀರಿನ ಟ್ಯಾಂಕಿನದು ಎಂದರು. ಮಾವ ಸ್ವಲ್ಪ ಹೊತ್ತು ಗ್ಯಾರೇಜಿನ ಹೊರಗೆ ಸಾಲಾಗಿ ನಿಂತ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡಿದರು. ಮನೆಗೆ ಬಂದವರಿಗೆಲ್ಲ ಹೇಳಿದ ಯುದ್ಧವನ್ನು ಈಗ ಅವರು ಒಬ್ಬರೇ ನಿಂತು ವಾಪಸ್ಸು ತೆಗೆದುಕೊಳ್ಳಬೇಕಾಗಿತ್ತು.

"ನೀರು ಇಲ್ಲಂದ್ರ ಯುದ್ಧ ನಡೀತೈತೇನು?" ಎಂದರು ಕೊನೆಗೆ. ಮಿಸ್ತ್ರಿ ಹೌದೆಂದು ತಲೆಯಾಡಿಸಿ ಜೀಪಿನ ಕೆಳಗೆ ತೂರಿದರು.

ಚಾಸಿ ನಂಬರು ಜೀಪಿನ ಅಡಿಯ ಕಬ್ಬಿಣದ ಮೇಲೂ ಕೊರೆದಿತ್ತು. ಅದನ್ನೂ ಕೆರೆದು, ಸೀಮೆಎಣ್ಣೆ ಹಚ್ಚಿ ಒರೆಸಿ, ಮಿಸ್ತ್ರಿ ಪೆನ್ಸಿಲ್ ಅಚ್ಚು ತೆಗೆದುಕೊಟ್ಟರು. ಕಚೇರಿಯವರು ಮುಂದೆ ಅದನ್ನೇ ಒಪ್ಪಿಕೊಂಡರು. ಕೆಲಸ ಮುಗಿಯಿತು, ಇನ್ನು ಹೊರಡೋಣ ಎಂದು ನಾನು ಏಳುವಷ್ಟರಲ್ಲಿ ಮಿಸ್ತ್ರಿ ಸ್ಟೇರಿಂಗಿನ ಪಕ್ಕ ಬಾಗಿ, ಬಿಲ್ಲೆ ಇದ್ದ ಜಾಗ ನೋಡಿದರು.

"ಇದು ದಾರ್ಯಾಗ ಬಿದ್ದದ್ದಲ್ಲರಿ. ಬಿದ್ದಿದ್ರ ಒಂದಾದ್ರೂ ಸ್ಕ್ರೂ ಉಳೀತಿತ್ತು. ಯಾರೋ ಸಾವಕಾಶ ಬಿಚ್ಚ್ಯಾರ. ಈ ಮೂಲಿ ಒಂದು ಜಗ್ಗಿಲ್ಲ, ಚಾಕು ಹಾಕಿ ಮೀಟ್ಯಾರ ನೋಡ್ರಿ."

ಹಿಂದಿನ ಸೀಟಿನಲ್ಲಿ ಅತ್ತೆ ಸೆರಗು ಎಳೆದುಕೊಂಡರು. ಮಾವ ಆ ಜಾಗದ ಮೇಲೆ ಕೈಯಿಟ್ಟರು. ಬಿಲ್ಲೆ ಮತ್ತೆ ಸಿಕ್ಕೀತೆಂದು ಹಬ್ಬದ ಬಣ್ಣ ಮುಟ್ಟಿಸದೆ ಬಿಟ್ಟಿದ್ದ, ಬೆರಳಿನಿಂದ ಅಳೆಯುವಷ್ಟು ಒಂದು ಚೌಕ, ನಾಲ್ಕು ತೂತು. ಮಾವನ ನಾಲ್ಕು ಬೆರಳು ಅದರಲ್ಲಿ ಸರಿಯಾಗಿ ಕೂತವು. ಚಾಕುವಿನ ಗೀರು ಬಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಎರಡು ಸಲ ಸವರಿ ಕೈ ತೆಗೆದರು. ಮಿಸ್ತ್ರಿಯ ಕೂಲಿ ಕೊಟ್ಟು ಜೀಪು ಹೊರಡಿಸಿದರು. ಜಮಖಂಡಿಯ ತನಕ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿ ಬಂದೆವು.

ಮರುದಿನ ಮುಂಜಾನೆ ಮಾವ ಸ್ನಾನ ಮಾಡಿ ಬಂದು, ಗೂಟಕ್ಕೆ ನೇತುಹಾಕಿದ ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಜಗಲಿಯ ಮುಂದೆ ನಿಂತರು. ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು. ಅವರ ಹಿಂದೆ ನಾನು. ಒಲೆಯ ಮೇಲಿನ ಬೇಳೆ ಉಕ್ಕಿ ಬೂದಿಗೆ ಬೀಳುತ್ತಿತ್ತು, ಇಬ್ಬರೂ ಹೋಗಲಿಲ್ಲ.

ಮಾವ ತಾಯಿಯ ಟಾಕವನ್ನು ಬಹಳ ಹೊತ್ತು ನೋಡಿದರು. ಕೈ ಚಾಚಿ ನಾಲ್ಕು ಬೆರಳು ಅದರ ಮೇಲಿಟ್ಟರು. ಸೊಟ್ಟ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ದಿನವೂ ಇಡುವ ಜಾಗದಲ್ಲಿಯೇ ಕುಂಕುಮ ಇಟ್ಟು, ಹೂವು ಏರಿಸಿ, ಎರಡೂ ಕೈ ಜೋಡಿಸಿ ಬಾಗಿದರು. ಎದ್ದು ನಿಂತು, ನಮ್ಮ ಕಡೆ ತಿರುಗದೆ ಹೇಳಿದರು.

"ಇನ್ನ ಅವ್ವಗ ಹುಣಸಿಹಣ್ಣು ಭಾಳ ಹಚ್ಚಿ ತಿಕ್ಕಬ್ಯಾಡ. ಸವದಾಳ."

ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಾವ ಚಹಾ ಕೇಳಿದರು. ನಾನು ಹೋಗಿ ಒಲೆಯ ಮೇಲಿನ ಬೇಳೆ ಇಳಿಸಿ ಚಹಾಕ್ಕೆ ನೀರಿಟ್ಟೆ.