ಐದು ಗುಂಟೆಯೊಳಗಿನ ಮಲ್ಲಿಗೆ

ಸಂಗೀತಾಳಿಗೆ ಕೂತಲ್ಲಿ ಕೂರುವುದೆಂದರೆ ಆಗದ ಮಾತು. ಕೂಡ್ಲಿಗಿ ಕಡೆಯ ಕುರಿ ಸಾಕುವ ಮನೆಯವಳು. ನಡೆಯಲು ಕಲಿತದ್ದೇ ಕುರಿಗಳ ಹಿಂದೆ. ಅಂಥವಳಿಗೆ ಸಿಕ್ಕಿದ್ದು ಹಗರಿಬೊಮ್ಮನಹಳ್ಳಿಯ ಸಣ್ಣ ನಕ್ಷೆ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಕುರ್ಚಿಯಲ್ಲಿ ಕೂತರೂ ಕಾಲು ಮಾತ್ರ ಮೇಜಿನಡಿ ಕುಣಿಯುತ್ತಲೇ ಇರುತ್ತಿತ್ತು.

ಆ ಸಲ ಬಂದದ್ದು ಹಡಗಲಿ ಸೀಮೆಯ ನಕ್ಷೆ. ಊರಿಗೊಂದು ಫೈಲು, ಫೈಲಿನಲ್ಲಿ ಒಂದೊಂದು ತುಂಡು ನೆಲಕ್ಕೂ ಒಂದು ಸಾಲು, ಸಾಲಿನಲ್ಲಿ ‘ಬಳಕೆ’ ಎಂಬ ಕಾಲಂ. ಅಳತೆಗೆ ಹೋದವರು ಅದರಲ್ಲಿ ಮನಸ್ಸಿಗೆ ಬಂದಂತೆ ಗೀಚಿದ್ದರು. ಒಬ್ಬ ಹಿತ್ತಲು ಎಂದರೆ ಇನ್ನೊಬ್ಬ ಜಾಗ ಎಂದಿದ್ದ; ಮತ್ತೊಬ್ಬ ಏನೂ ಬರೆಯದೆ ಮನೆಗೆ ಹೋಗಿದ್ದ. ಒಂದೊಂದಾಗಿ ತಿದ್ದುತ್ತ ಕೂತರೆ ತಲೆ ಕೆಟ್ಟೀತೆಂದು ಸಂಗೀತಾ ಎಲ್ಲವನ್ನೂ ಒಂದೇ ಸಲಕ್ಕೆ ತಾನೇ ತಿದ್ದುವ ಸ್ಕ್ರಿಪ್ಟ್ ಬರೆದಳು. ಐದು ಗುಂಟೆಗಿಂತ ಚಿಕ್ಕ ತುಂಡೆಲ್ಲ ‘ಮನೆ ಜಾಗ’. ತಮ್ಮ ಕಡೆ ಐದು ಗುಂಟೆಯಲ್ಲಿ ಯಾರು ಬೆಳೆ ತೆಗೆಯುತ್ತಾರೆ? ಕುರಿಹಟ್ಟಿಗೇ ಸಾಲದು. ಅವಳು ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲ ಊರೂ ಮುಗಿದಿದ್ದವು. ಎರಡೆರಡು ಯಾಕೆಂದು ಹಳೆಯ ಪ್ರತಿಗಳನ್ನೂ ಅಳಿಸಿ ಹಾಕಿದಳು.

ಆಫೀಸಿನ ಯಜಮಾನ ಗುರುಬಸವರಾಜ ಹಿಗ್ಗಿದ. “ಹರಪನಹಳ್ಳಿ ಕೆಲಸಾನೂ ನಿನಗ ನೋಡವ್ವ” ಎಂದ. ಫೈಲು ಹೊಸ ನೀರಿನ ಪೈಪು ಎಳೆಯುವವರಿಗೆ ಹೋಯಿತು. ನಕ್ಷೆಯಲ್ಲಿ ತೋಟವೆಂದು ಇದ್ದ ನೆಲಕ್ಕಷ್ಟೇ ಅವರು ನೀರು ಕೊಡುವವರು.

ಮರುದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಮೊಳ ಹೂ ಕೊಳ್ಳಲು ನಿಂತಳು. ಹೂ ಮಾರುವ ಮರುಳಸಿದ್ದಮ್ಮ ಹಡಗಲಿಯಿಂದ ಬರುವವಳು.

“ಹೊಲ ಎಷ್ಟೈತಮ್ಮ ನಿಮ್ದು?” ಎಂದು ಸಂಗೀತಾ ಸುಮ್ಮನೆ ಮಾತಿಗೆಳೆದಳು.

“ಹೊಲ ಎಲ್ಲಿಂದ ಬರಬೇಕವ್ವ? ಮನಿ ಹಿಂದ ಮೂರು ಗುಂಟಿ ಮಲ್ಲಿಗಿ. ನಮ್ಮ ಓಣ್ಯಾಗ ಎಲ್ಲಾರ್ದೂ ಅಷ್ಟ. ಕೊಡ ಹೊತ್ತು ಹೊತ್ತು ನಡಾ ಬಿದ್ದೈತಿ. ಈಗ ಪೈಪು ಬರತೈತಂತ.”

ಸಂಗೀತಾ ಹೂ ತೆಗೆದುಕೊಳ್ಳುವುದನ್ನೇ ಮರೆತು ಆಫೀಸಿಗೆ ಓಡಿದಳು. ಮೇಲಿನಿಂದ ತೆಗೆದ ಚಿತ್ರದಲ್ಲಿ ಮಲ್ಲಿಗೆ ಪೊದೆಯೂ ಒಂದೇ, ಹಿತ್ತಲ ನುಗ್ಗೆ ಗಿಡವೂ ಒಂದೇ, ಎಲ್ಲ ಹಸಿರು ಮಚ್ಚೆ. ಯಾವುದು ಮನೆ, ಯಾವುದು ತೋಟ ಎಂದು ಈಗ ಯಾವ ಸ್ಕ್ರಿಪ್ಟಿಗೂ ತಿಳಿಯುವಂತಿರಲಿಲ್ಲ. ಅಪ್ಪ ಯರ್ರೆಪ್ಪ ನೆನಪಾದ. ಬೆಳಿಗ್ಗೆ ಹಟ್ಟಿಯ ಬಾಯಿಗೆ ಕಾಲು ಅಡ್ಡ ಇಟ್ಟು, ಒಂದೊಂದೇ ಕುರಿಯ ಮುಖ ನೋಡಿ ಹೊರಗೆ ಬಿಡುತ್ತಿದ್ದ. ಜಲ್ದಿ ಬಿಡಪ್ಪ ಎಂದು ಜೀವ ತಿನ್ನುತ್ತಿದ್ದವಳು ಇವಳೇ.

“ಸರ್, ಫೈಲು ತಪ್ಪೈತ್ರಿ. ವಾಪಸ್ ತರಿಸ್ರಿ.”

“ಹುಚ್ಚು ಹಿಡದೈತೇನು? ಯಾರೂ ಕೇಳಿಲ್ಲ, ಸುಮ್ನಿರು” ಎಂದ ಗುರುಬಸವರಾಜ.

“ಪೈಪು ಹೂತ ಮ್ಯಾಲೆ ಕೇಳಿದ್ರ ಏನ್ ಮಾಡಾಮ್ರಿ?”

ಅವಳು ಅವನೆದುರೇ ಪೈಪಿನವರಿಗೆ ಫೋನು ಹಚ್ಚಿ, ಫೈಲು ತಪ್ಪಿದೆ, ತಡೆಯಿರಿ ಎಂದಳು. ಅವನ ಮುಖ ಕೆಂಪಾಯಿತು.

“ಹರಪನಹಳ್ಳಿ ಕೆಲಸ ಮರತುಬಿಡು. ಇದನ್ನ ಸರಿ ಮಾಡಿಕೊಟ್ಟು ಮನಿಗೆ ಹೋಗು.”

ಅಳು ಬಂತು. ಆದರೆ ಮರುದಿನ ಹಡಗಲಿ ಬಸ್ಸು ಬೇಗ ಬಂದದ್ದರಿಂದ ಅಳುವುದಕ್ಕೆ ಪುರಸೊತ್ತಾಗಲಿಲ್ಲ.

ಮರುಳಸಿದ್ದಮ್ಮನ ಹಿತ್ತಲಲ್ಲಿ ನಿಂತು, ಟ್ಯಾಬಿನಲ್ಲಿ ‘ಮನೆ ಜಾಗ’ ಅಳಿಸಿ ‘ಮಲ್ಲಿಗೆ ತೋಟ’ ಎಂದು ಕೈಯಾರೆ ಬರೆದಳು. ಸುಮ್ಮನಿರಲಾಗದೆ ಹೇಳಿಯೂ ಬಿಟ್ಟಳು.

“ನಕ್ಷಿಯಿಂದ ನಿಮ್ಮ ತ್ವಾಟ ತೆಗೆದಿದ್ದು ನಾನ ಅಮ್ಮ.”

ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು. ಮರುಳಸಿದ್ದಮ್ಮ ಅವಳನ್ನು ದುರುಗುಟ್ಟಿ ನೋಡಿದಳು.

“ನಂದೊಂದ ಬರದು ಹೋದ್ರ ಬಿಡಂಗಿಲ್ಲ ನಾನು” ಎಂದು ಸೆರಗು ಸಿಕ್ಕಿಸಿ, ಬೇಲಿಯ ಮುಳ್ಳು ಸರಿಸಿದಳು. “ಇತ್ತ ಬಾ. ಇದು ನಮ್ಮ ನೆಗೆಣ್ಣಿದು.”

ಬೇಲಿಯ ಸಂದಿ ಒಬ್ಬರು ನುಸುಳುವಷ್ಟಿತ್ತು. ಸಂಗೀತಾ ಅದಕ್ಕೆ ಕಾಲು ಅಡ್ಡ ಇಟ್ಟು ನಿಂತು, ಆ ತೋಟವನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ನೋಡಿದಳು.