ಒಂಬತ್ತನೇ ಮೆಟ್ಟಿಲು

ಮುಂಬಯಿಯ ತೆಂಕಣ ತುದಿಯಲ್ಲಿ ಸಮುದ್ರಕ್ಕೆ ಬೆನ್ನು ಕೊಟ್ಟು ನಿಂತಿದ್ದ ಹುಚ್ಚಾಸ್ಪತ್ರೆಯಲ್ಲಿ, ಹೆಂಗಸರ ಕಟ್ಟಿನ ಬೀಗದ ಕೈಗಳು ಇಪ್ಪತ್ತೆರಡು ವರ್ಷ ಯೇಸೂಬಾಯಿಯ ಸೊಂಟದಲ್ಲಿ ಜೋತಾಡಿದವು. ಅಲಿಬಾಗ ಕಡೆಯವಳು. ಗಂಡ ಸತ್ತ ವರ್ಷ ಕಸ ಗುಡಿಸಲು ಬಂದು ಸೇರಿದವಳಿಗೆ ಒಂದಕ್ಷರ ಓದಲು ಬಾರದು. ಆದರೆ ಯಾರನ್ನು ಬೈದರೆ ಸುಮ್ಮನಾಗುತ್ತಾರೆ, ಯಾರ ನೆತ್ತಿಗೆ ಎಣ್ಣೆ ತಟ್ಟಿದರೆ ನಿದ್ದೆ ಹತ್ತುತ್ತದೆ ಎಂಬುದು ಡಾಕ್ಟರ್ ಸಾಹೇಬನ ದಪ್ಪ ಪುಸ್ತಕಕ್ಕಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈಕಾಲು ಕಟ್ಟುವ ತೊಗಲಿನ ಪಟ್ಟಿಗಳನ್ನು ಅವಳು ನೀರಿನ ಬಾಲ್ದಿಗಳಿಗೆ ಹಿಡಿಕೆ ಮಾಡಿ ಸವೆಸಿಬಿಟ್ಟಿದ್ದಳು. ಕೇಳಿದರೆ ಇಲಿ ತಿಂದವು ಎನ್ನುತ್ತಿದ್ದಳು. ಸಾಹೇಬ ಇಲಿಯ ಲೆಕ್ಕಕ್ಕೆ ಇಳಿಯಲಿಲ್ಲ.

ಇಂಥವಳು ಒಮ್ಮೆ ತಪ್ಪು ಮಾಡಿದಳು. ಅದೂ ಧಾಕಲಿಯ ವಿಷಯದಲ್ಲಿ.

ಧಾಕಲಿ ಕೋಲಿ ಜಾತಿಯ ಬೆಸ್ತರವಳು. ಗಂಡನ ದೋಣಿ ಬಿರುಗಾಳಿಗೆ ಸಿಕ್ಕಿ ಮರಳದಿದ್ದಾಗ ಹನ್ನೊಂದು ದಿನ ದಂಡೆಯಲ್ಲಿ ಕುಳಿತು ಸಮುದ್ರಕ್ಕೆ ಕಲ್ಲು ಹೊಡೆದಿದ್ದಳು. ಪೊಲೀಸರು ಎತ್ತಿ ತಂದರು. ಮೊದಲ ವರ್ಷ ಅವಳು ಮಾತಾಡಲಿಲ್ಲ. ಎರಡನೆಯ ವರ್ಷ ಯೇಸೂಬಾಯಿ ಅವಳ ಮುಂದೆ ಒಂದು ಬುಟ್ಟಿ ಮೀನು ಸುರಿದು, ಬೇಕೆಂದೇ ತಾನು ಒರಟೊರಟಾಗಿ ಹೆರೆಯತೊಡಗಿದಳು. ನೋಡಲಾರದೆ ಧಾಕಲಿ ಕತ್ತಿ ಕಿತ್ತುಕೊಂಡಳು. ‘ಯಾರು ಕಲಿಸ್ಯಾರ ನಿನಗ? ಬೆಕ್ಕು ಚಲೋ ಮಾಡ್ತೈತಿ’ ಎಂದಳು. ಅಂದಿನಿಂದ ಅಡುಗೆಮನೆ ಅವಳದಾಯಿತು.

ಮೂರನೆಯ ವರ್ಷಕ್ಕೆ ಅವಳಿಗೆ ಯಾವ ಕಾಯಿಲೆಯೂ ಉಳಿದಿರಲಿಲ್ಲ. ಉಳಿದದ್ದು ಕಮಿಟಿ ಮಾತ್ರ. ಪೆಂಬರ್ಟನ್ ಎಂಬ ಮ್ಯಾಜಿಸ್ಟ್ರೇಟ್ ಸಾಹೇಬ, ಹೋರ್ಮಸಜಿ ಎಂಬ ಪಾರ್ಸಿ ಶೇಠ, ಜೊತೆಗೆ ಡಾಕ್ಟರ್, ಈ ಮೂವರು ಒಪ್ಪಿದರೆ ಬಿಡುಗಡೆ. ಸಾಹೇಬನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇವತ್ತು ತಾರೀಕು ಎಷ್ಟು? ಧಾಕಲಿ ಹುಟ್ಟಿದಾರಭ್ಯ ತಾರೀಕು ಕಂಡವಳಲ್ಲ. ಎರಡು ಸಲ ಸುಮ್ಮನೆ ನಿಂತಳು, ಎರಡು ಸಲವೂ ಒಳಗೆ ಕಳಿಸಿದರು. ಮೂರನೆಯ ಸಲವೂ ತಪ್ಪಿದರೆ ಘಟ್ಟದ ಮೇಲಿನ ಆಸ್ಪತ್ರೆಗೆ ಸಾಗಿಸುವುದು ಕಾನೂನು. ಅಲ್ಲಿಂದ ಹಿಂದಿರುಗಿದವರನ್ನು ಯೇಸೂಬಾಯಿ ನೋಡಿರಲಿಲ್ಲ.

ಅದಕ್ಕೇ ಅವಳು ಕಮಿಟಿ ಕೂರುವ ದಿನಕ್ಕೆ ಹದಿನೈದು ದಿನ ಮೊದಲೇ ಧಾಕಲಿಯನ್ನು ಕೂಡಿಸಿಕೊಂಡು ಆ ದಿನದ ತಾರೀಕು ಉರು ಹೊಡೆಸಿದಳು. ಡಿಸೆಂಬರ್ ಹದಿನೈದು, ಗುರುವಾರ. ಮೀನು ಹೆರೆಯುವಾಗ, ಅಕ್ಕಿ ಆರಿಸುವಾಗ, ತಲೆ ಬಾಚುವಾಗ ಅದೇ ಮಂತ್ರ. ಕಟ್ಟಿನ ಇಪ್ಪತ್ತೇಳು ಹೆಂಗಸರಿಗೂ ಅದು ಬಾಯಿಪಾಠವಾಯಿತು. ಗುರುವಾರ ಬಂತು. ಕಮಿಟಿ ಬರಲಿಲ್ಲ. ಸಾಹೇಬನಿಗೆ ಕುದುರೆ ಜೂಜು ಇತ್ತಂತೆ. ಶನಿವಾರ ಮಧ್ಯಾಹ್ನ ಮೂವರೂ ದಿಢೀರನೆ ಬಂದು ಕುಳಿತರು.

ಪ್ರಶ್ನೆ ಬಂತು. ಧಾಕಲಿ ಎದೆಯುಬ್ಬಿಸಿ, ಮದುವೆಯ ಹೆಣ್ಣು ಗಂಡನ ಹೆಸರು ಹೇಳುವಷ್ಟು ಸಂಭ್ರಮದಿಂದ ಹೇಳಿದಳು. ‘ಡಿಸೆಂಬರ್ ಹದಿನೈದು, ಗುರುವಾರ.’

ಸಾಹೇಬ ಲೇಖನಿ ಎತ್ತಿದ. ಯೇಸೂಬಾಯಿ ಮೇಜಿನ ಹತ್ತಿರ ಬಂದಳು. ಹುಡುಗಿಯ ಬಾಯಿಗೆ ತಪ್ಪು ತುರುಕಿದವಳು ತಾನು. ಅಲ್ಲಿ ಅವಳ ಕೆಲಸ ಸಾಹೇಬನ ಮಾತನ್ನು ಹೆಂಗಸರಿಗೆ, ಹೆಂಗಸರ ಮಾತನ್ನು ಸಾಹೇಬನಿಗೆ ದಾಟಿಸುವುದಷ್ಟೇ. ಆದರೂ ಸೊಂಟದ ಬೀಗದ ಕೈಗಳನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಳು.

‘ತಾರೀಕು ನಾ ಕಲಿಸಿದ್ದು ಸಾಹೇಬ್ರ. ತಪ್ಪು ನಂದು, ನನ್ನ ಕೆಲಸ ತಗೀರಿ. ಆದ್ರ ಆಕಿನ್ನ ಕೇಳಬೇಕಂದ್ರ ಆಕಿಗೆ ಗೊತ್ತಿದ್ದದ್ದು ಕೇಳ್ರಿ.’

ಶೇಠನಿಗೆ ಊಟದ ಮೇಲಿನ ತೂಕಡಿಕೆ ಹಾರಿಹೋಯಿತು. ಅವನೇ ತಿರುಗಿ ಧಾಕಲಿಯನ್ನು ಕೇಳಿದ. ‘ತಾರೀಕು ಬಿಡವ್ವಾ. ಇವತ್ತು ಏನೈತಿ, ನೀನಾ ಹೇಳು.’

‘ತದಿಗಿ,’ ಎಂದಳು ಧಾಕಲಿ, ಹಸಿವೆಯಾದರೆ ಉಣ್ಣಬೇಕು ಎನ್ನುವಷ್ಟು ಸಲೀಸಾಗಿ. ಅಮಾವಾಸ್ಯೆ ಮುಗಿದು ಮೂರನೆಯ ದಿನ. ಸಮುದ್ರ ಇನ್ನೂ ಏರುತ್ತಿದೆ, ಎರಡು ಗಂಟೆ ಬಡಿದ ಮೇಲೆ ಒಂದು ಎಲೆಯಡಿಕೆ ಅಗಿದು ಉಗುಳುವಷ್ಟರಲ್ಲಿ ನಿಲ್ಲುತ್ತದೆ, ಹಿತ್ತಲಿನಿಂದ ಸಮುದ್ರಕ್ಕಿಳಿಯುವ ಮೆಟ್ಟಿಲುಗಳಲ್ಲಿ ಕೆಳಗಿನಿಂದ ಎಂಟನೆಯದನ್ನು ನೆಕ್ಕಿ ಹಿಂದಿರುಗುತ್ತದೆ ಎಂದೂ ಹೇಳಿದಳು. ‘ಒಂಬತ್ತನೇ ಮೆಟ್ಟಿಲ ಮ್ಯಾಲೆ ನಾ ಕುಂದರ್ತೀನಿ. ಸೀರಿ ತೊಯ್ದರ ನಾ ಹುಚ್ಚಿ. ಎಲ್ಲಿಗರೆ ಒಯ್ಯಿರಿ.’

ಶೇಠ ಆಗಲೇ ಎದ್ದು ನಿಂತಿದ್ದ. ಯೇಸೂಬಾಯಿ ಸಮುದ್ರದ ಕಡೆಯ ಸಣ್ಣ ಬಾಗಿಲನ್ನು ಅಗುಳಿ ಸರಿಸಿ ತೆರೆದಳು. ಗಂಟೆ ಆಗ ಒಂದೂಕಾಲು. ನೀರು ಐದನೆಯ ಮೆಟ್ಟಿಲಲ್ಲಿತ್ತು. ಧಾಕಲಿ ಹೋಗಿ ಒಂಬತ್ತನೆಯದರ ಮೇಲೆ ಕುಳಿತಳು. ಏಳನೆಯ ಮೆಟ್ಟಿಲು ಜಗುಲಿಯಷ್ಟು ಅಗಲ. ಸಾಹೇಬ ಅಲ್ಲಿಯೇ ಕುರ್ಚಿ ಹಾಕಿಸಿ, ಗಡಿಯಾರವನ್ನು ಅಂಗೈಯಲ್ಲಿ ಹಿಡಿದು ಕುಳಿತ. ಅವನಿಗೆ ಮೇಲೆ ಬರಲು ಹೇಳೆಂದು ಧಾಕಲಿ ಎರಡು ಸಲ ಅಂದಳು. ಯೇಸೂಬಾಯಿ ಎರಡು ಸಲ ದಾಟಿಸಿದಳು. ಸಾಹೇಬ ಅಲುಗಲಿಲ್ಲ. ಶೇಠ ಮಾತ್ರ ತನ್ನ ಹೊಸ ಜೋಡು ಬಿಚ್ಚಿ ಧಾಕಲಿಯ ಮಗ್ಗುಲಿಗೆ ಇಟ್ಟ. ‘ನಿನ್ನ ನಂಬೇನಿ ನೋಡು. ಇವು ತೊಯ್ದರ ಮನಿಯೊಳಗ ನನಗೂ ಜಾಗ ಇಲ್ಲ, ನಿನ್ನ ಕೂಡ ಇಲ್ಲೇ ಇರ್ತೀನಿ.’

ಅಷ್ಟರಲ್ಲಿ ಕಟ್ಟಿನ ಹೆಂಗಸರೆಲ್ಲ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಆರನೆಯದು ಮುಳುಗಿದಾಗ ಯಾರೋ ‘ಆರು’ ಎಂದರು. ಏಳು ಎನ್ನುವಾಗ ಹತ್ತು ದನಿ ಕೂಡಿದವು, ಸಾಹೇಬನ ಬೂಟಿನೊಳಗೆ ನೀರು ಹೊಕ್ಕಿತು, ಅವನು ಕುರ್ಚಿ ಎತ್ತಿಕೊಂಡು ತಾನೇ ಮೇಲೆ ಬಂದ. ಊರಿನ ಕಡೆ ಎರಡು ಬಡಿಯಿತು. ಎಂಟನೆಯ ಮೆಟ್ಟಿಲ ಮೇಲೆ ನೊರೆ ಹರಡಿತು. ಯೇಸೂಬಾಯಿಗೆ ಧಾಕಲಿಯ ಸೆರಗಿನ ಅಂಚಿನ ಹೊರತು ಲೋಕದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಒಂದು ದೊಡ್ಡ ಅಲೆ ಎದ್ದಿತು, ಒಂಬತ್ತನೆಯ ಮೆಟ್ಟಿಲಿನ ಕಾಲಿಗೆ ಬಂದು ತಟ್ಟಿತು, ಜೋಡಿನ ಮೂಗಿನ ಹತ್ತಿರ ಬುಸುಗುಟ್ಟಿತು. ಹಿಂದಕ್ಕೆ ಜಾರಿತು. ಮುಂದಿನದು ಅಷ್ಟು ದೂರ ಬರಲಿಲ್ಲ. ಅದರ ಮುಂದಿನದು ಇನ್ನೂ ಕಡಿಮೆ.

ಸಾಹೇಬ ಗಡಿಯಾರ ನೋಡಿದ. ಎರಡು ಹೊಡೆದು ಹದಿನೇಳು ನಿಮಿಷ. ಶೇಠ ಒಣಜೋಡುಗಳನ್ನು ಎತ್ತಿ ಎಲ್ಲರಿಗೂ ತೋರಿಸಿದ.

ಧಾಕಲಿಗೆ ಅದೆಲ್ಲ ಬೇಕಿರಲಿಲ್ಲ. ಅವಳು ಬಂಡೆಯ ಆಚೆ ನೋಡುತ್ತಿದ್ದಳು. ಅಲ್ಲಿ ಅವಳ ಅಣ್ಣ ಭಿವಾನ ದೋಣಿ ತೇಲುತ್ತಿತ್ತು. ಮೆಟ್ಟಿಲಿಗೆ ದೋಣಿ ತಾಗುವುದು ನೀರು ತುಂಬಿದಾಗ ಮಾತ್ರ. ತಂಗಿಯನ್ನು ಕರೆದೊಯ್ಯಲು ಗುರುವಾರದಿಂದ ಅವನು ದಿನವೂ ಭರತದ ಜೊತೆ ಬಂದು ಇಳಿತದ ಜೊತೆ ಬರಿದೇ ಹೋಗುತ್ತಿದ್ದ.

‘ಮಾವಶಿ, ಸಾಹೇಬಗ ಲಗೂ ಬರಿ ಅನ್ನು. ನೀರು ಕಾಯೂದಿಲ್ಲ.’

ಯೇಸೂಬಾಯಿ ಇದನ್ನೂ ಇದ್ದ ಹಾಗೆ ದಾಟಿಸಿದಳು. ಪೆಂಬರ್ಟನ್ ಸಾಹೇಬ ಒದ್ದೆ ಬೂಟಿನಲ್ಲಿ, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ರುಜು ಹಾಕಿದ. ಡಾಕ್ಟರ್ ಹಾಕಿದ. ಶೇಠ ಬರಿಗಾಲಲ್ಲಿ ನಿಂತು ಹಾಕಿದ. ಧಾಕಲಿ ಯೇಸೂಬಾಯಿಯ ಕೆನ್ನೆಯನ್ನು ಮೀನು ವಾಸನೆಯ ಎರಡೂ ಕೈಗಳಲ್ಲಿ ಹಿಡಿದು ಒಮ್ಮೆ ಅಲ್ಲಾಡಿಸಿ, ಮೊಣಕಾಲುದ್ದ ನೀರಿಗಿಳಿದು ದೋಣಿ ಹತ್ತಿದಳು. ಆಗ ಅವಳ ಸೀರೆ ನೆನೆಯಿತು.

ಬೀಗದ ಕೈಗಳು ಇನ್ನೂ ಮೇಜಿನ ಮೇಲೆಯೇ ಇವೆ, ಬಾಗಿಲು ಹಾರುಹೊಡೆದಿದೆ ಎಂಬುದು ಯೇಸೂಬಾಯಿಗೆ ನೆನಪಾದದ್ದು ಆಮೇಲೆ. ಗಾಬರಿಯಿಂದ ತಿರುಗಿದಳು. ಉಳಿದ ಇಪ್ಪತ್ತಾರು ಹೆಂಗಸರಲ್ಲಿ ಒಬ್ಬಳೂ ಓಡಿರಲಿಲ್ಲ. ಗೋಡೆಗೆ ಒತ್ತಿ ನಿಂತು, ಇಳಿಯುವ ನೀರಿನ ಜೊತೆ ಮೆಟ್ಟಿಲುಗಳನ್ನು ಕೆಳಮುಖವಾಗಿ ಎಣಿಸುತ್ತಿದ್ದರು. ಅವಳು ಬಾಗಿಲು ಹಾಕಲಿಲ್ಲ. ನಡುವೆ ಜಾಗ ಮಾಡಿಕೊಂಡು ತಾನೂ ನಿಂತಳು.

‘ಎಷ್ಟಕ್ಕ ಬಂತು?’ ಎಂದು ಕೇಳಿದಳು.