ಹಸಿರು ಚೀಟಿ ಮತ್ತು ನಾಲ್ಕು ನಿಂಬೆಹಣ್ಣು

ಇದು ನಡೆದದ್ದು ೧೯೯೧ರ ಅಕ್ಟೋಬರಿನಲ್ಲಿ. ಮೆಲ್ಬರ್ನ್‌ನಲ್ಲಿ ಎರಡು ವರ್ಷ ಟ್ರಾಮಿನಲ್ಲೇ ಓಡಾಡಿಕೊಂಡಿದ್ದ ನಾವು, ನನ್ನ ಗಂಡ ಮಂಜುನಾಥ್‌ಗೆ ಚಾಟ್ಸ್‌ವುಡ್‌ನ ಆಫೀಸಿಗೆ ವರ್ಗವಾದ್ದರಿಂದ ಸಿಡ್ನಿಗೆ ಬಂದು ನಾಲ್ಕು ತಿಂಗಳಾಗಿತ್ತು. ಕಾರ್ಲಿಂಗ್‌ಫರ್ಡ್‌ನಲ್ಲಿ ನಮಗೆ ಸಿಕ್ಕ ಬಾಡಿಗೆ ಮನೆ ಗುಡ್ಡದ ಇಳಿಜಾರಿನಲ್ಲಿತ್ತು. ತರಕಾರಿ ಚೀಲ ಹೊತ್ತು ಆ ಏರು ಹತ್ತಿ ಹತ್ತಿ ಸಾಕಾಗಿ, ಹನ್ನೊಂದು ವರ್ಷ ಹಳೆಯದಾದ ಒಂದು ಬಿಳಿ ಕಾರು ಕೊಂಡೆವು. ನಮ್ಮಿಬ್ಬರ ಮನೆತನದಲ್ಲೂ ಅದೇ ಮೊದಲ ಕಾರು.

ಆ ವರ್ಷ ಆಯುಧಪೂಜೆ ಕೆಲಸದ ದಿನ ಬಂದಿತ್ತು. ಅಲ್ಲಿ ಎಲ್ಲರೂ ಮಾಡುವಂತೆ ನಾವೂ ಹಬ್ಬವನ್ನು ಶನಿವಾರಕ್ಕೆ ತಳ್ಳಿದೆವು. ಪೂಜೆಗೆಂದು ಮೆಲ್ಬರ್ನ್‌ನಿಂದ ಇವರ ಗೆಳೆಯ ಶೇಷಾದ್ರಿ ಬಸ್ಸಿನಲ್ಲಿ ಬಂದಿಳಿದರು. ನಮಗಿಂತ ಒಂದು ವರ್ಷ ಮೊದಲು ಕಾರು ಕೊಂಡಿದ್ದರಿಂದ ಕಾರಿನ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು.

ಉಪ್ಪಿಟ್ಟು ತಿನ್ನುತ್ತಾ ಅವರು ಕೇಳಿದ ಮೊದಲ ಪ್ರಶ್ನೆಯೇ ಇನ್ಶೂರೆನ್ಸ್ ಏನು ಮಾಡಿಸಿದ್ದೀಯ ಎಂದು.

"ಥರ್ಡ್ ಪಾರ್ಟಿ ಇದೆ ಕಣೋ. ಮೈಸೂರಲ್ಲಿ ನನ್ನ ಸ್ಕೂಟರ್‌ಗೂ ಅದೇ ಇದ್ದಿದ್ದು" ಎಂದು ಇವರು ಹೆಮ್ಮೆಯಿಂದ ಒಂದು ಹಸಿರು ಕಾಗದ ತಂದು ತೋರಿಸಿದರು.

ಶೇಷಾದ್ರಿ ನಕ್ಕುಬಿಟ್ಟರು. "ಇದು ಗ್ರೀನ್ ಸ್ಲಿಪ್ ಕಣಯ್ಯಾ. ಇದು ಮನುಷ್ಯರಿಗೆ ಮಾತ್ರ. ನೀನು ಯಾರದಾದ್ರೂ ಕಾಲು ಮುರಿದ್ರೆ ಕೊಡ್ತಾರೆ. ಅವರ ಕಾರು ಮುರಿದ್ರೆ ಒಂದು ಕಾಸೂ ಇಲ್ಲ. ನಮ್ಮ ಮೆಲ್ಬರ್ನ್‌ನಲ್ಲಿ ಇಂಥ ಬೇರೆ ಚೀಟಿನೇ ಇಲ್ಲ, ರೆಜಿಸ್ಟ್ರೇಷನ್ ಜೊತೆಗೇ ಸೇರ್ಕೊಂಡು ಬಂದ್ಬಿಡುತ್ತೆ. ಇದನ್ನೇ ಇನ್ಶೂರೆನ್ಸ್ ಅಂದ್ಕೊಂಡು ಕೂತಿದ್ದೀಯಲ್ಲ."

ಆಮೇಲೆ ನಮಗೆ ಅರ್ಥವಾಗಲೆಂದು ಊಟದ ಲೆಕ್ಕದಲ್ಲಿ ವಿವರಿಸಿದರು. ಗ್ರೀನ್ ಸ್ಲಿಪ್ ಎಂದರೆ ಬರೀ ಎಲೆ ಹಾಕಿದ ಹಾಗೆ. ಅದಿಲ್ಲದೆ ಪಂಕ್ತಿಯಲ್ಲಿ ಕೂರುವಂತೆಯೇ ಇಲ್ಲ, ಆದರೆ ಅದರಿಂದಲೇ ಹೊಟ್ಟೆ ತುಂಬುವುದಿಲ್ಲ. ಥರ್ಡ್ ಪಾರ್ಟಿ ಪ್ರಾಪರ್ಟಿ ಎಂಬುದು ಅನ್ನ ಸಾರು: ನಾವು ಬೇರೆಯವರ ಕಾರಿಗೋ ಬೇಲಿಗೋ ಗುದ್ದಿದರೆ ಅದರ ಖರ್ಚು ಕಂಪನಿಯದು. ಅದಕ್ಕೇ ಫೈರ್ ಅಂಡ್ ಥೆಫ್ಟ್ ಸೇರಿಸಿಕೊಂಡರೆ ಒಂದು ಪಲ್ಯ ಬಂದಂತೆ. ನಮ್ಮ ಕಾರು ಸುಟ್ಟರೆ, ಕಳುವಾದರೆ ದುಡ್ಡು ಬರುತ್ತದೆ. ಕಾಂಪ್ರಿಹೆನ್ಸಿವ್ ಎಂದರೆ ಒಬ್ಬಟ್ಟಿನ ಊಟ. ತಪ್ಪು ನಮ್ಮದೇ ಆದರೂ ನಮ್ಮ ಕಾರನ್ನೂ ರಿಪೇರಿ ಮಾಡಿಸಿಕೊಡುತ್ತಾರೆ.

"ಈ ಮುದಿ ಕಾರಿಗೆ ಒಬ್ಬಟ್ಟು ಬೇರೆ ಕೇಡು. ಅನ್ನ ಸಾರು ಸಾಕು. ಸೋಮವಾರ ಫೋನ್ ಮಾಡ್ತೀನಿ" ಎಂದರು ಇವರು.

ಅದನ್ನು ಮಾಡಿಸಿಯೇ ಪೂಜೆ ಇಟ್ಟುಕೊಳ್ಳಬಹುದಿತ್ತಲ್ಲ ಎಂದೆ. ನಿನಗೆ ದೇವರ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳಿ ಇವರು ನನ್ನ ಬಾಯಿ ಮುಚ್ಚಿಸಿದರು. ಏಳುವ ಮೊದಲು ಶೇಷಾದ್ರಿ ಇನ್ನೊಂದು ಬುದ್ಧಿ ಹೇಳಿದರು: ಆಕ್ಸಿಡೆಂಟ್ ಆದಾಗ ಅಪ್ಪಿತಪ್ಪಿಯೂ 'ಸಾರಿ' ಅನ್ನಬಾರದು, ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ, ಇನ್ಶೂರೆನ್ಸ್‌ನವರಿಗೆ ಅದು ಆಗಿಬರುವುದಿಲ್ಲ.

ಕಾರು ಗ್ಯಾರೇಜಿನ ಕಡೆಗೆ ಮುಖ ಮಾಡಿ, ರಸ್ತೆಯ ಕಡೆಗೆ ಇಳಿಯುವ ಡ್ರೈವ್‌ವೇಯಲ್ಲಿ ನಿಂತಿತ್ತು. ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟೆ. ಆಗ ಸಮಸ್ಯೆ ಹೊಳೆಯಿತು. ನಿಂಬೆಹಣ್ಣು ಒಡೆಯಬೇಕಾದರೆ ಕಾರು ಮುಂದಕ್ಕೆ ಹೋಗಬೇಕು, ಆದರೆ ಮುಂದೆ ಮೂರಡಿಗೇ ಗ್ಯಾರೇಜಿನ ಬಾಗಿಲು. ಹಿಂದಕ್ಕೆ ಹೋಗುತ್ತಾ ಒಡೆಯುವುದು ಅಪಶಕುನ ಎಂದರು ಶೇಷಾದ್ರಿ. ಹೊಸದಾಗಿ ಲೈಸೆನ್ಸ್ ತೆಗೆದುಕೊಂಡಿದ್ದ ಇವರಿಗೆ, ಕ್ಲಚ್ ಬಿಟ್ಟರೆ ಎಲ್ಲಿ ಬಾಗಿಲಿಗೇ ನುಗ್ಗಿಬಿಡುತ್ತೇನೋ ಎಂಬ ಭಯ. ಕೊನೆಗೆ ಇಬ್ಬರೂ ಸೇರಿ, ಇಂಜಿನ್ ಸ್ಟಾರ್ಟ್ ಮಾಡುವುದೇ ಬೇಡ, ನ್ಯೂಟ್ರಲ್‌ಗೆ ಹಾಕಿ ಒಂದಡಿ ತಳ್ಳಿದರಾಯಿತು ಎಂದು ತೀರ್ಮಾನಿಸಿದರು. ಮೈಸೂರಿನಲ್ಲಿ ಕೆಟ್ಟುನಿಂತ ಎಷ್ಟೋ ಕಾರುಗಳನ್ನು ತಳ್ಳಿದ ಅನುಭವ ಇಬ್ಬರಿಗೂ ಇತ್ತು. ಆದರೆ ಅವೆಲ್ಲ ಸಮತಟ್ಟಾದ ಬೀದಿಗಳು.

ಶೇಷಾದ್ರಿ ಹಿಂದೆ ನಿಂತರು. ಇವರು ಡ್ರೈವರ್ ಬಾಗಿಲು ತೆರೆದು, ಹೊರಗೇ ನಿಂತು ಹ್ಯಾಂಡ್‌ಬ್ರೇಕ್ ಇಳಿಸಿದರು. ನಾನು ಆರತಿ ತಟ್ಟೆ ಹಿಡಿದು ಪಕ್ಕದ ಹುಲ್ಲಿನ ಮೇಲಿದ್ದೆ. ಇಬ್ಬರೂ ಉಸಿರು ಬಿಗಿಹಿಡಿದು ತಳ್ಳಿದರು. ನಿಂಬೆಹಣ್ಣು ಪಚಕ್ಕೆಂದು ಒಡೆಯಿತು. ನಾನು ಇನ್ನೇನು ನಗಬೇಕು, ಕಾರು ಒಂದು ಕ್ಷಣ ನಿಂತು, ಹಿಂದಕ್ಕೆ ಬರತೊಡಗಿತು. ಶೇಷಾದ್ರಿ ಕಾಲು ಜಾರಿ ಪಕ್ಕಕ್ಕೆ ಉರುಳಿದರು. ಒಳಗೆ ಹಾರಿ ಬ್ರೇಕ್ ಎಳೆಯಲು ಹೋದ ಇವರು ಬಾಗಿಲಿನ ಏಟಿಗೆ ಕೆಳಗೆ ಬಿದ್ದರು.

ರಸ್ತೆಯ ಆಚೆ, ನಮ್ಮ ಡ್ರೈವ್‌ವೇಗೆ ನೇರ ಎದುರಿಗೆ, ಬೆರಿಲ್ ಎಂಬ ಎಪ್ಪತ್ತು ದಾಟಿದ ಅಜ್ಜಿಯ ಮನೆ. ಅವರು ತಮ್ಮ ಇಟ್ಟಿಗೆಯ ಲೆಟರ್‌ಬಾಕ್ಸ್ ಬುಡದಲ್ಲಿ, ನಮಗೆ ಬೆನ್ನು ಹಾಕಿ, ಬಗ್ಗಿ ಕಳೆ ಕೀಳುತ್ತಿದ್ದರು. ನೀಲಿ ಸ್ವೆಟರಿನ ಆ ಬೆನ್ನು ನನಗೆ ಈಗಲೂ ಕಾಣುತ್ತದೆ. ಇಂಜಿನ್ ಇಲ್ಲದ ಕಾರು ಸದ್ದೇ ಮಾಡದೆ, ಹಾರ ಹಾಕಿಕೊಂಡು, ಆ ಬೆನ್ನಿನ ಕಡೆಗೆ ಇಳಿಯುತ್ತಿತ್ತು.

ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಬಿಎಸ್ಸಿ ಓದಿದವಳು. ಆ ಹೊತ್ತಿಗೆ ಒಂದು ಇಂಗ್ಲಿಷ್ ಪದವೂ ಬಾಯಿಗೆ ಬರಲಿಲ್ಲ. ಸಿಟಿ ಬಸ್ಸಿನಲ್ಲಿ ಕೂಗುವ ಹಾಗೆ ಕೂಗಿದೆ: "ಸರೀರಿ! ಸರೀರಿ!"

ಬೆರಿಲ್ ನೆಟ್ಟಗಾದರು. ಆದರೆ ಕಾರಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ಮುಖದಲ್ಲಿ ಸಣ್ಣ ನಗು. ಕೈಯ ಮಣ್ಣು ಕೊಡವುತ್ತಾ, ನನ್ನ ದನಿ ಬಂದ ದಿಕ್ಕಿಗೆ, ಓರೆಯಾಗಿ ಮೂರು ಹೆಜ್ಜೆ ಹಾಕಿದರು. ಕಾರು ಅವರ ಬೆನ್ನ ಹಿಂದೆಯೇ ಹಾದು ಲೆಟರ್‌ಬಾಕ್ಸನ್ನು ಕೆಡವಿ ನಿಂತಿತು.

ನನ್ನ ಕೈಯಲ್ಲಿದ್ದ ತಟ್ಟೆ ಯಾವಾಗ ಬಿತ್ತೋ ತಿಳಿಯದು. ಓಡಿಹೋಗಿ ಅವರ ಎರಡೂ ಕೈ ಹಿಡಿದುಕೊಂಡೆ. ಅವರು ತಿರುಗಿ ಇಟ್ಟಿಗೆಯ ರಾಶಿ ನೋಡಿದರು, ಹಾರ ಹಾಕಿಕೊಂಡ ಕಾರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಸಾರಿ ಸಾರಿ ಎಂದು ಕೂಗುತ್ತಿದ್ದೆಯಲ್ಲ, ಏನು ತಪ್ಪು ಮಾಡಿದೆಯೋ ಕೇಳೋಣವೆಂದು ಬಂದೆ ಎಂದರು.

ಅಷ್ಟರಲ್ಲಿ ಶೇಷಾದ್ರಿ ಕುಂಟುತ್ತಾ ಬಂದರು. "ಸಾರಿ ಅನ್ನಬೇಡಿ ಅಂತ ಈಗ ತಾನೇ ಹೇಳಿದ್ನಲ್ಲಮ್ಮಾ."

"ಸಾರಿ ಅಲ್ಲ ಕಣ್ರೀ, ಸರೀರಿ ಅಂದಿದ್ದು" ಎಂದು ಹೇಳುತ್ತಾ ಅಲ್ಲೇ ಅತ್ತುಬಿಟ್ಟೆ.

ಬೆರಿಲ್ ನಮ್ಮ ಮೂವರನ್ನೂ ಒಳಗೆ ಕರೆದು ಕೂರಿಸಿ ಟೀ ಮಾಡಿಕೊಟ್ಟರು. ಆ ಪದದ ಅರ್ಥ ಹೇಳಿಸಿಕೊಂಡು, ಗುದ್ದುವ ಮೊದಲೇ ಸಾರಿ ಕೇಳುವ ಜನವೆಂದುಕೊಂಡು ಮೆಚ್ಚಿದ್ದೆನಲ್ಲ ಎಂದು ನಕ್ಕರು. ಇವರ ಮೊಣಕೈಗೆ ಬ್ಯಾಂಡೇಜ್ ಕಟ್ಟಿದವರೂ ಅವರೇ. ಲೆಟರ್‌ಬಾಕ್ಸನ್ನು ಇವರು ಎರಡು ಶನಿವಾರ ಕೂತು ತಾವೇ ಕಟ್ಟಿಕೊಟ್ಟರು. ಅದು ಸ್ವಲ್ಪ ವಾಲಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು, ಬೆರಿಲ್ ಮಾತ್ರ ಹೇಳಲಿಲ್ಲ.

ಸೋಮವಾರ ಇವರು ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ, ಅನ್ನ ಸಾರಲ್ಲ, ಒಬ್ಬಟ್ಟಿನ ಊಟವನ್ನೇ ಕೇಳಿದರು. ಈ ಮೊದಲು ಏನಾದರೂ ಆಕ್ಸಿಡೆಂಟ್ ಆಗಿದೆಯೇ ಎಂದು ಅಲ್ಲಿಯವರು ಕೇಳಿದರಂತೆ. ಹೌದು, ಮೊನ್ನೆ ಶನಿವಾರ, ಒಂದು ಲೆಟರ್‌ಬಾಕ್ಸ್ ಜೊತೆ ಎಂದರು ಇವರು. ಆಗ ಕಾರು ಓಡಿಸುತ್ತಿದ್ದವರು ಯಾರು ಎಂಬ ಪ್ರಶ್ನೆಗೆ, ಯಾರೂ ಅಲ್ಲ ಎಂದು ಉತ್ತರ ಕೊಟ್ಟು, ಬಹಳ ಹೊತ್ತು ಫೋನ್ ಕಿವಿಗಿಟ್ಟುಕೊಂಡು ಕಾದಿದ್ದು ನೆನಪಿದೆ.

ಈಗ ನಗುತ್ತಾ ಬರೆಯುತ್ತಿದ್ದೇನೆ. ಆದರೆ ಪ್ರತಿ ವರ್ಷ ಆ ಹಸಿರು ಚೀಟಿ ಕೈಗೆ ಬಂದಾಗ ನನ್ನ ನಗು ನಿಂತುಹೋಗುತ್ತದೆ. ಅಂದು ನಮ್ಮ ಬಳಿ ಇದ್ದದ್ದು ಅದೊಂದೇ. ಅದು ಉಪಯೋಗಕ್ಕೆ ಬರಬೇಕಾದರೆ ಯಾರಿಗಾದರೂ ಪೆಟ್ಟಾಗಬೇಕಿತ್ತು, ಅದು ಆ ನೀಲಿ ಸ್ವೆಟರಿನ ಮೂರು ಹೆಜ್ಜೆಯಲ್ಲಿ ತಪ್ಪಿಹೋಗಿತ್ತು.

ನಾವು ಆ ಮನೆಯಲ್ಲಿದ್ದ ಐದು ವರ್ಷವೂ, ನಮ್ಮ ಕಾರು ರಿವರ್ಸ್ ಬರುವುದು ಕಂಡರೆ ಬೆರಿಲ್ ವರಾಂಡದಿಂದಲೇ "ಸರೀರಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಆಮೇಲೆ ನಾನೂ ಡ್ರೈವಿಂಗ್ ಕಲಿತೆ. ಇವತ್ತಿಗೂ ರಿವರ್ಸ್ ಗೇರ್ ಹಾಕಿದಾಗ, ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿಕೊಂಡ ಮೇಲೂ, ಖಾಲಿ ರಸ್ತೆಗೆ ಒಮ್ಮೆ ಮೆಲ್ಲಗೆ ಹೇಳುತ್ತೇನೆ: ಸರೀರಿ.